50 ಸಾವಿರಕ್ಕೆ ಎರಡು ಉಂಗುರ: ಬೆಳ್ಳಿಯೋ, ಚಿನ್ನವೋ?

ನನ್ನ ಅಕ್ಕನ ಮಗಳ ನಿಶ್ಚಿತಾರ್ಥ 2025ರ ಜೂನ್‌ನಲ್ಲಿ ಆಯಿತು. ಹುಡುಗ ನಂಜನಗೂಡಿನವನು, ಸ್ವಂತ ಟೈರ್ ಅಂಗಡಿ ಇದೆ. ಇವಳು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಇಬ್ಬರ ಉಂಗುರಕ್ಕೂ ಸೇರಿ 50,000 ರೂಪಾಯಿ ಅಂತ ಇಟ್ಟುಕೊಂಡಿದ್ದರು. ಅದಕ್ಕಿಂತ ಮೇಲೆ ಹೋದರೆ ಸಾಲ, ಸಾಲ ಮಾತ್ರ ಬೇಡ ಅಂತ ಇಬ್ಬರೂ ಗಟ್ಟಿಯಾಗಿದ್ದರು.

ಅದೇ ವರ್ಷದ ಏಪ್ರಿಲ್‌ನಲ್ಲಿ 24 ಕ್ಯಾರೆಟ್ ಚಿನ್ನ 10 ಗ್ರಾಂಗೆ 1 ಲಕ್ಷ ರೂಪಾಯಿ ದಾಟಿತ್ತು. ಹುಡುಗಿಗೆ ಒಂದು ಯೋಚನೆ ಬಂತು. ‘ಮಾಮ, ಸ್ಟರ್ಲಿಂಗ್ ಸಿಲ್ವರ್‌ನಲ್ಲಿ ಎಷ್ಟು ಚೆಂದದ ಉಂಗುರ ಬರ್ತವೆ. ಎರಡೂ ಸೇರಿ 3 ಸಾವಿರ ದಾಟಲ್ಲ. ಅದನ್ನೇ ಹಾಕ್ಕೊಂಡ್ರೆ ಏನಾಗತ್ತೆ?’ ಅಂದಳು. ಹುಡುಗನಿಗೂ ಒಪ್ಪಿಗೆ ಇತ್ತು. ಅವನ ದೊಡ್ಡಪ್ಪನಿಗೆ ಇರಲಿಲ್ಲ. ‘ಬೆಳ್ಳಿ ಕಾಲುಂಗುರಕ್ಕೆ. ಕೈಬೆರಳಿಗೆ, ಅದೂ ನಿಶ್ಚಿತಾರ್ಥಕ್ಕೆ, ಬೆಳ್ಳಿ ಯಾರಾದ್ರೂ ಹಾಕ್ತಾರಾ?’ ಅಂತ ಅವರು. ಮೈಸೂರಿನ ಅಶೋಕ ರಸ್ತೆಯ ಒಂದು ಒಡವೆ ಅಂಗಡಿಯಲ್ಲಿ ಹಲವು ವರ್ಷ ಲೆಕ್ಕ ಬರೆದವನು ನಾನು. ಹಾಗಾಗಿ ಎರಡೂ ಕಡೆಯವರು ನನ್ನ ಮುಂದೆ ಬಂದು ಕೂತರು.

ದೊಡ್ಡಪ್ಪನ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ನಮ್ಮ ಕಡೆ ಒಡವೆ ಅಂದರೆ ಕಷ್ಟಕ್ಕೆ ಆಗುವ ದುಡ್ಡು. ಹುಡುಗಿಯ ಮಾತಿನಲ್ಲೂ ಹುರುಳಿತ್ತು. ಆದರೆ ಇಬ್ಬರೂ ಹೋಲಿಸುತ್ತಿದ್ದದ್ದು ಅಂಗಡಿಯ ಚೀಟಿ ಮೇಲಿನ ಬೆಲೆಯನ್ನು. ಆ ಬೆಲೆಯೊಳಗೆ ಲೋಹ ಎಷ್ಟು, ಕೂಲಿ ಎಷ್ಟು ಅಂತ ಬಿಡಿಸಿ ನೋಡದೆ ಬೆಳ್ಳಿ ಉಂಗುರವನ್ನೂ ಚಿನ್ನದ ಉಂಗುರವನ್ನೂ ತೂಗಿ ನೋಡುವುದು ಸರಿಯಲ್ಲ.

ಒಂದೇ ಅಳತೆ, ಬೇರೆ ತೂಕ

ಲೆಕ್ಕ ಸುಲಭವಾಗಲಿ ಅಂತ ಆ ತಿಂಗಳ ದರವನ್ನು ದುಂಡಗೆ ಹಿಡಿದೆವು. 22 ಕ್ಯಾರೆಟ್ ಚಿನ್ನ ಗ್ರಾಂಗೆ 9,000 ರೂಪಾಯಿ. ಬೆಳ್ಳಿ ಕೆಜಿಗೆ 1 ಲಕ್ಷ, ಅಂದರೆ ಗ್ರಾಂಗೆ 100.

ಹುಡುಗನಿಗೆ ಹಿಡಿಸಿದ್ದು ಕೆತ್ತನೆ ಇಲ್ಲದ ಸಾದಾ ಪಟ್ಟಿ ಉಂಗುರ. 22 ಕ್ಯಾರೆಟ್‌ನಲ್ಲಿ 4 ಗ್ರಾಂ. ಚಿನ್ನ 36,000, ಮೇಕಿಂಗ್ (ಮಾಡುವ ಕೂಲಿ) ಶೇ. 12 ಅಂದರೆ 4,320, ಒಟ್ಟರ ಮೇಲೆ ಶೇ. 3 ಜಿಎಸ್‌ಟಿ. ಬಿಲ್ಲು 41,530 ರೂಪಾಯಿ. ಹುಡುಗಿಯದು 2.5 ಗ್ರಾಂ, 25,956 ರೂಪಾಯಿ. ಎರಡೂ ಸೇರಿ 67 ಸಾವಿರ ದಾಟಿತು. ಬಜೆಟ್ ಅಲ್ಲಿಗೇ ಮುರಿಯಿತು.

ಈಗ ಹುಡುಗನ ಅದೇ ಉಂಗುರ, ಅದೇ ಅಗಲ, ಅದೇ ದಪ್ಪ, ಸ್ಟರ್ಲಿಂಗ್ ಬೆಳ್ಳಿಯಲ್ಲಿ. ಸ್ಟರ್ಲಿಂಗ್ ಅಂದರೆ 1,000 ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ. ಅಂಗಡಿಯವರು ‘92.5’ ಅಂತಲೋ ‘ನೈನ್ ಟು ಫೈವ್’ ಅಂತಲೋ ಹೇಳುವುದು ಇದನ್ನೇ. ತಾಮ್ರ ಸೇರಿಸುವುದು ಮೋಸಕ್ಕಲ್ಲ. ಅಪ್ಪಟ ಬೆಳ್ಳಿ ತುಂಬ ಮೆದು, ಉಂಗುರ ಮಾಡಿದರೆ ಆಕಾರ ನಿಲ್ಲುವುದಿಲ್ಲ.

ಬೆಳ್ಳಿ ಚಿನ್ನಕ್ಕಿಂತ ಹಗುರ. ಒಂದು ಘನ ಸೆಂಟಿಮೀಟರ್ 22 ಕ್ಯಾರೆಟ್ ಚಿನ್ನ ಸುಮಾರು 17.7 ಗ್ರಾಂ ತೂಗುತ್ತದೆ, ಸ್ಟರ್ಲಿಂಗ್ ಬೆಳ್ಳಿ ಸುಮಾರು 10.4. ಹಾಗಾಗಿ ಚಿನ್ನದಲ್ಲಿ 4 ಗ್ರಾಂ ಬರುವ ಉಂಗುರ ಬೆಳ್ಳಿಯಲ್ಲಿ 2.35 ಗ್ರಾಂ. ಅದರಲ್ಲಿರುವ ಬೆಳ್ಳಿಯ ಬೆಲೆ 217 ರೂಪಾಯಿ. ಹೌದು, 217. ಅಂಗಡಿಯಲ್ಲಿ ಅದರ ಬೆಲೆ ಸುಮಾರು 1,500.

ಇಲ್ಲೇ ಸ್ವಲ್ಪ ನಿಂತು ನೋಡಬೇಕು. ಬಿಲ್ಲಿಗೆ ಬಿಲ್ಲು ಹೋಲಿಸಿದರೆ ಚಿನ್ನದ್ದು 28 ಪಟ್ಟು ದುಬಾರಿ. ಲೋಹಕ್ಕೆ ಲೋಹ ಹೋಲಿಸಿದರೆ 165 ಪಟ್ಟು. ಎರಡರ ನಡುವೆ ಇಷ್ಟೊಂದು ಅಂತರ ಯಾಕೆ? ಚಿನ್ನದ ಉಂಗುರವನ್ನು ತೂಕದ ಮೇಲೆ ಮಾರುತ್ತಾರೆ, ಮೇಲಿಂದ ಕೂಲಿ ಸೇರಿಸುತ್ತಾರೆ. 925 ಬೆಳ್ಳಿ ಉಂಗುರವನ್ನು ಬಹಳ ಅಂಗಡಿಗಳಲ್ಲಿ ಪೀಸ್ ಲೆಕ್ಕದಲ್ಲಿ ಮಾರುತ್ತಾರೆ. ತೂಕ ಕೇಳಿದರೂ ಹೇಳುವವರು ಕಡಿಮೆ. ಚಿನ್ನದಲ್ಲಿ ನಾವು ಕೊಡುವ ದುಡ್ಡಿನ ದೊಡ್ಡ ಪಾಲು ಲೋಹಕ್ಕೆ ಹೋಗುತ್ತದೆ. ಬೆಳ್ಳಿ ಉಂಗುರದಲ್ಲಿ ದೊಡ್ಡ ಪಾಲು ಕೆಲಸಕ್ಕೆ, ಪಾಲಿಶ್‌ಗೆ, ಡಬ್ಬಿಗೆ, ಅಂಗಡಿ ಬಾಡಿಗೆಗೆ ಹೋಗುತ್ತದೆ.

ಮಾರಲು ಹೋದಾಗ

ಹುಡುಗಿಯ ಹತ್ತಿರ ಕೆಲವು ವರ್ಷದ ಹಿಂದೆ 2,200 ರೂಪಾಯಿಗೆ ಕೊಂಡಿದ್ದ ಒಂದು 925 ಉಂಗುರ ಇತ್ತು. ಮೇಲೆ ಬಿಳಿ ಜಿರ್ಕಾನ್ ಕಲ್ಲು. ಅದನ್ನೂ, ಹುಡುಗನ ಅಜ್ಜಿಯ ಒಂದು ಹಳೇ ಚಿನ್ನದ ಉಂಗುರವನ್ನೂ ತೆಗೆದುಕೊಂಡು ಪರಿಚಯದ ಅಂಗಡಿಗೆ ಹೋದೆವು. ಬಾಯಲ್ಲಿ ಹೇಳುವುದಕ್ಕಿಂತ ತಕ್ಕಡಿ ಮುಂದೆ ತೋರಿಸುವುದೇ ಸರಿ ಅನ್ನಿಸಿತು.

ಬೆಳ್ಳಿ ಉಂಗುರ ತೂಕಕ್ಕೆ ಇಟ್ಟಾಗ 4.6 ಗ್ರಾಂ. ಕಲ್ಲು ಕಳೆದು 4.1. ಅದರಲ್ಲಿರುವ ಬೆಳ್ಳಿಗೆ ಆ ದಿನ 379 ರೂಪಾಯಿ ಆಗುತ್ತಿತ್ತು. ಅವರು 320 ಕೊಡುತ್ತೇವೆ ಅಂದರು. ‘ಇಷ್ಟೇನಾ?’ ಅಂತ ಹುಡುಗಿ ಕೇಳಿದಳು. ಕರಗಿಸಿ ಶುದ್ಧ ಮಾಡುವ ಖರ್ಚು ಕಳೆದರೆ ಅಷ್ಟೇ ಬರುವುದು. ಕೆಲವು ಅಂಗಡಿಗಳು 925 ಉಂಗುರವನ್ನು ವಾಪಸ್ ತೆಗೆದುಕೊಳ್ಳುವುದೇ ಇಲ್ಲ.

ಅಜ್ಜಿಯ ಉಂಗುರಕ್ಕೆ ಹಾಲ್‌ಮಾರ್ಕ್, ಅಂದರೆ ಶುದ್ಧತೆ ಪರೀಕ್ಷಿಸಿ ಒತ್ತುವ ಗುರುತು, ಇರಲಿಲ್ಲ. ಒಳಮೈ ಸವೆದು ಕನ್ನಡಿಯಂತೆ ನುಣುಪಾಗಿತ್ತು. ಆಚಾರ್ರು ಮೊದಲು ಅದನ್ನು ಒರೆಗಲ್ಲಿನ ಮೇಲೆ ಎಳೆದರು, ಪಕ್ಕದಲ್ಲೇ 22 ಕ್ಯಾರೆಟ್ ಕಡ್ಡಿಯ ಗೆರೆ ಎಳೆದರು. ಅಜ್ಜಿಯ ಗೆರೆ ಒಂದು ಚೂರು ಕೆಂಪಗಿತ್ತು. ಆಮೇಲೆ ಮೆಷಿನ್‌ನಲ್ಲಿಟ್ಟರು. ಶೇ. 83.5 ಅಂತ ತೋರಿಸಿತು, ಅಂದರೆ 20 ಕ್ಯಾರೆಟ್. ಮನೆಯಲ್ಲಿ ಎಲ್ಲರೂ ಅದನ್ನು 22 ಅಂತಲೇ ನಂಬಿದ್ದರು. 3.2 ಗ್ರಾಂನ ಆ ಉಂಗುರ 22 ಕ್ಯಾರೆಟ್ ಆಗಿದ್ದರೆ 28,800 ರೂಪಾಯಿ. 20 ಕ್ಯಾರೆಟ್‌ಗೆ 26,250. ಅಂಗಡಿಯವರು ಶೇ. 2 ಕಳೆದು 25,700ಕ್ಕೆ ಲೆಕ್ಕ ಹಾಕಿದರು.

ಹಾಲ್‌ಮಾರ್ಕ್ ಇಲ್ಲದ, ಕ್ಯಾರೆಟ್ ಕಡಿಮೆ ಬಂದ, ಒಂದು ಆಯುಷ್ಯ ಪೂರ್ತಿ ಸವೆದ ಉಂಗುರ ಅದು. ಅದಕ್ಕೇ ಇಷ್ಟು ದುಡ್ಡು ಬಂತು. ದೊಡ್ಡಪ್ಪ ಏನೂ ಹೇಳಲಿಲ್ಲ, ಹುಡುಗಿ ಕಡೆ ನೋಡಿದರು. ಅವರ ಮಾತು ಇಲ್ಲಿಗೆ ಸಾಬೀತಾಯಿತು ಅಂತ ಅವರ ಲೆಕ್ಕ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ಹೇಳಲೇಬೇಕಿತ್ತು. 41,530ರ ಚಿನ್ನದ ಉಂಗುರದಲ್ಲಿ ಮೇಕಿಂಗ್ ಮತ್ತು ತೆರಿಗೆ ಸೇರಿ 5,530 ರೂಪಾಯಿ ಕೊಂಡ ದಿನವೇ ಹೋಯಿತು. 1,500ರ ಬೆಳ್ಳಿ ಉಂಗುರದಲ್ಲಿ ಹೋಗುವುದು ಸುಮಾರು 1,280. ಶೇಕಡಾವಾರು ನೋಡಿದರೆ ಬೆಳ್ಳಿಯಲ್ಲಿ ನಷ್ಟ ಬಹಳ ಜಾಸ್ತಿ, ರೂಪಾಯಿಯಲ್ಲಿ ನೋಡಿದರೆ ಕಡಿಮೆ. ಉಂಗುರವನ್ನು ಎಂದೂ ಮಾರುವುದಿಲ್ಲ ಅನ್ನುವವರಿಗೆ ಬೆಳ್ಳಿಯೇ ಸಣ್ಣ ಖರ್ಚು. ಕಷ್ಟಕ್ಕೆ ಅಡವಿಡಬೇಕಾಗಬಹುದು ಅನ್ನುವವರಿಗೆ ಬೆಳ್ಳಿ ಉಂಗುರದಿಂದ ಏನೂ ಉಪಯೋಗವಿಲ್ಲ. ಟೈರ್ ಅಂಗಡಿ ಇಟ್ಟವನು ಎರಡನೇ ಗುಂಪಿನವನು ಅನ್ನುವುದು ನನ್ನ ಅಭಿಪ್ರಾಯ. ವ್ಯಾಪಾರದಲ್ಲಿ ಒಂದು ಕೆಟ್ಟ ತಿಂಗಳು ಬಂದರೆ ಬ್ಯಾಂಕಿನಲ್ಲಿಟ್ಟು ದುಡ್ಡು ತರಲು ಒಂದಷ್ಟು ಚಿನ್ನ ಇರಬೇಕು.

ಕೈಯ ಕೆಲಸ ನೋಡಿ ಲೋಹ ಆರಿಸಬೇಕು

ಗುಣಮಟ್ಟ ಅಂದ ಕೂಡಲೇ ಎಲ್ಲರೂ ಶುದ್ಧತೆ ಹಿಡಿದುಕೊಳ್ಳುತ್ತಾರೆ. ಉಂಗುರದ ವಿಷಯದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಕೈ ದಿನಪೂರ್ತಿ ಏನು ಮಾಡುತ್ತದೆ ಅನ್ನುವುದು.

ಬೆಳ್ಳಿ ಕಪ್ಪಾಗಲು ಮುಖ್ಯ ಕಾರಣ ಗಂಧಕ. ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯ ಜೊತೆ ಸೇರಿ ಮೇಲೆ ಸಿಲ್ವರ್ ಸಲ್ಫೈಡ್ ಪದರ ಕಟ್ಟುತ್ತದೆ. ಮೊಟ್ಟೆ, ಈರುಳ್ಳಿ, ಉಣ್ಣೆ ಬಟ್ಟೆ, ರಬ್ಬರ್, ಎಲ್ಲದರಲ್ಲೂ ಗಂಧಕ ಇದೆ. ಟೈರಿನ ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕ ಸೇರಿಸಿ ಬೇಯಿಸಿ. ದಿನವಿಡೀ ಟೈರ್ ಮುಟ್ಟುವ ಕೈಯಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ. ಹುಡುಗಿಯದೂ ಅದೇ ಕಥೆ. ಲ್ಯಾಬ್‌ನಲ್ಲಿ ಹಾಕುವ ಲ್ಯಾಟೆಕ್ಸ್ ಗ್ಲೌಸಿನಲ್ಲೂ ಗಂಧಕ ಇರುತ್ತದೆ. ಒಳಗೆ ಬೆವರು ಬೇರೆ. ಅವಳ ಹಳೇ ಜಿರ್ಕಾನ್ ಉಂಗುರದ ಒಳಮೈ ಮಸಿಯಂತಾಗಿತ್ತು. ‘ಇದು ಡೂಪ್ಲಿಕೇಟ್ ಇರ್ಬೇಕು’ ಅಂತ ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಅಲ್ಲ, ಅದು ಅಪ್ಪಟ 925. ಕಪ್ಪಾಗುವುದು ಬೆಳ್ಳಿಯ ಗುಣ. ಚಿನ್ನಕ್ಕೆ ಈ ತೊಂದರೆ ಇಲ್ಲ. ಅಪ್ಪಟ ಚಿನ್ನ ಗಾಳಿಗೂ ಗಂಧಕಕ್ಕೂ ಬದಲಾಗುವುದಿಲ್ಲ. 22, 18 ಕ್ಯಾರೆಟ್‌ನಲ್ಲಿ ಬೆರೆತ ತಾಮ್ರ, ಬೆಳ್ಳಿಯಿಂದ ಸ್ವಲ್ಪ ಮಂಕಾಗಬಹುದು, ಒರೆಸಿದರೆ ಹೋಗುತ್ತದೆ.

ಬ್ಲೀಚ್ ಮಾತ್ರ ಎರಡಕ್ಕೂ ಶತ್ರು. ಲ್ಯಾಬ್‌ನಲ್ಲಿ ನೆಲ, ಮೇಜು ಒರೆಸಲು ಬಳಸುವ ಹೈಪೋಕ್ಲೋರೈಟ್ ಬೆಳ್ಳಿಯನ್ನು ಹಾಳು ಮಾಡುತ್ತದೆ, ಕಡಿಮೆ ಕ್ಯಾರೆಟ್ ಚಿನ್ನವನ್ನೂ ಬಿಡುವುದಿಲ್ಲ. ಕೆಲಸದ ಹೊತ್ತಿನಲ್ಲಿ ಯಾವ ಉಂಗುರವೂ ಬೇಡ ಅಂತ ಅವಳಿಗೆ ಹೇಳಿದೆ. ಆಸ್ಪತ್ರೆಯಲ್ಲೂ ಅದನ್ನೇ ಹೇಳುತ್ತಾರಂತೆ.

ಗಟ್ಟಿತನದ ಮಾತಿಗೆ ಬಂದರೆ, 22 ಕ್ಯಾರೆಟ್ ಚಿನ್ನವೂ ಮೆದುವೇ. ತೆಳ್ಳಗೆ ಮಾಡಿಸಿದ ಗಂಡಸರ ಉಂಗುರ ಸ್ಪ್ಯಾನರ್ ಹಿಡಿದು ಹಿಡಿದು ಮೊಟ್ಟೆಯ ಆಕಾರಕ್ಕೆ ಬಂದದ್ದನ್ನು ಅಂಗಡಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಸ್ಟರ್ಲಿಂಗ್ ಬೆಳ್ಳಿಯೂ ಗೀರು, ತಗ್ಗು ಬೇಗ ತೆಗೆದುಕೊಳ್ಳುತ್ತದೆ. ಈ ಎರಡಕ್ಕಿಂತ ಗಟ್ಟಿ ಯಾವುದು ಅಂದರೆ 18 ಕ್ಯಾರೆಟ್ ಚಿನ್ನ. ವಜ್ರ ಕೂರಿಸುವ ಒಡವೆಯನ್ನು ಹೆಚ್ಚಾಗಿ 18 ಕ್ಯಾರೆಟ್‌ನಲ್ಲಿ ಮಾಡುವುದು ಇದಕ್ಕೇ, ಹಿಡಿ ಬಿಗಿಯಾಗಿ ನಿಲ್ಲುತ್ತದೆ.

ಮೂರನೇ ದಾರಿ

ಹುಡುಗಿಯೂ ದೊಡ್ಡಪ್ಪನೂ 18 ಕ್ಯಾರೆಟ್ ಬಗ್ಗೆ ಯೋಚಿಸಿರಲಿಲ್ಲ. ನಾನು ಹೇಳಿದ ಕೂಡಲೇ ದೊಡ್ಡಪ್ಪ, ‘ಅದು ಕಲಬೆರಕೆ ಅಲ್ವಾ?’ ಅಂದರು. 22ರಲ್ಲೂ ಬೆರಕೆ ಇದೆ ಯಜಮಾನ್ರೇ, 1,000ಕ್ಕೆ 916 ಪಾಲು ಮಾತ್ರ ಚಿನ್ನ. 18ರಲ್ಲಿ 750. ಎಷ್ಟಿದೆಯೋ ಅಷ್ಟಕ್ಕೇ ದುಡ್ಡು ಕೊಟ್ಟರೆ ಮೋಸವಿಲ್ಲ ಅಂದೆ. 18 ಕ್ಯಾರೆಟ್ ಕೊಟ್ಟು 22ರ ದರ ಹಾಕಿದರೆ ಮೋಸ.

ಲೆಕ್ಕ ಹೀಗೆ ಬಂತು. 18 ಕ್ಯಾರೆಟ್ ದರ ಗ್ರಾಂಗೆ 7,370. ಇದು 22ಕ್ಕಿಂತ ಸ್ವಲ್ಪ ಹಗುರ. ಹಾಗಾಗಿ ಅದೇ ಅಳತೆಯಲ್ಲಿ ಹುಡುಗನ ಉಂಗುರ 3.5 ಗ್ರಾಂ, ಹುಡುಗಿಯದು 2.2 ಗ್ರಾಂ. ಮೇಕಿಂಗ್, ಜಿಎಸ್‌ಟಿ ಎಲ್ಲ ಸೇರಿ 29,757 ಮತ್ತು 18,705. ಹಾಲ್‌ಮಾರ್ಕ್ ಶುಲ್ಕ ಒಂದಕ್ಕೆ 45 ರೂಪಾಯಿ, ಮೇಲೆ ತೆರಿಗೆ. ಒಟ್ಟು 48,568 ರೂಪಾಯಿ. 50 ಸಾವಿರದೊಳಗೆ ಬಂತು.

ಅಂಗಡಿಯವರು ಹುಡುಗಿಗೆ 1.9 ಗ್ರಾಂನ ಇನ್ನೊಂದು ಉಂಗುರ ತೋರಿಸಿ ಇನ್ನೂ ಅಗ್ಗ ಆಗುತ್ತದೆ ಅಂದರು. ಬೇಡ ಅಂದೆ. 2 ಗ್ರಾಂಗಿಂತ ಕಡಿಮೆ ತೂಕದ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಸಣ್ಣ ಉಂಗುರ ಕೊಳ್ಳುವವರು ಗೊತ್ತಿಲ್ಲದೆ ಎಡವುವುದು ಇಲ್ಲೇ. ಅಂಥ ತೂಕದ್ದೇ ಬೇಕಾದರೆ ಹಾಲ್‌ಮಾರ್ಕ್ ಹಾಕಿಸಿ ಕೊಡಿ ಅಂತ ಬಾಯಿಬಿಟ್ಟು ಕೇಳಬೇಕು.

2.2 ಗ್ರಾಂನ ಉಂಗುರ ಬಂದಾಗ ಅಂಗಡಿಯ ಭೂತಗನ್ನಡಿ ಇಸಿದುಕೊಂಡು ಒಳಗಡೆ ನೋಡಿದೆವು. ತ್ರಿಕೋನದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಪಕ್ಕದಲ್ಲಿ 18ಕೆ 750, ಆಮೇಲೆ ಅಕ್ಷರ, ಅಂಕಿ ಬೆರೆತ ಆರು ಚಿಹ್ನೆಗಳ, ಪ್ರತಿ ಒಡವೆಗೂ ಬೇರೆಯಾಗಿರುವ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಯನ್ನು ಈ ಸಂಖ್ಯೆ ಇಲ್ಲದೆ ಅಂಗಡಿಯವರು ಮಾರುವ ಹಾಗಿಲ್ಲ. ಹುಡುಗಿ ಮೊಬೈಲ್‌ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದಳು. ಶುದ್ಧತೆ, ಯಾವ ಬಗೆಯ ಒಡವೆ, ಯಾವ ಕೇಂದ್ರದಲ್ಲಿ ಪರೀಕ್ಷೆ ಆಯಿತು, ಎಲ್ಲ ಬಂತು. ‘ಉಂಗುರ’ ಅಂತ ಇರಬೇಕಾದ ಕಡೆ ‘ಓಲೆ’ ಅಂತ ಬಂದರೆ ಅಲ್ಲೇ ವಾಪಸ್ ಕೊಡಬೇಕು. ಇದನ್ನು ದುಡ್ಡು ಕಟ್ಟುವ ಮೊದಲೇ ಮಾಡಬೇಕು, ಮನೆಗೆ ಹೋದ ಮೇಲಲ್ಲ.

ಅಜ್ಜಿಯ ಉಂಗುರದ ಮಾತು ಇನ್ನೂ ಬಾಕಿ ಇತ್ತು. ಅದನ್ನು ಬದಲಿಗೆ ಹಾಕಿದರೆ ಕೈಯಿಂದ ಕೊಡಬೇಕಾದದ್ದು ಸುಮಾರು 22,850 ರೂಪಾಯಿ ಮಾತ್ರ. ಹುಡುಗನಿಗೆ ಮನಸ್ಸಿರಲಿಲ್ಲ. ಅಜ್ಜಿಯೇ ಕೇಳಿ, ‘ನನ್ನ ಡಬ್ಬೀಲಿ ಇದ್ದು ಏನ್ ಮಾಡ್ತದೆ ಮಗಾ? ನಿನ್ನ ಬೆರಳಲ್ಲಿ ಇರ್ಲಿ’ ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ.

ಹಾಗಾದರೆ ಬೆಳ್ಳಿ?

ಉಳಿದ ದುಡ್ಡಿನಲ್ಲಿ ಇಬ್ಬರೂ ಒಂದೊಂದು ಸಾದಾ ಸ್ಟರ್ಲಿಂಗ್ ಉಂಗುರ ತೆಗೆದುಕೊಂಡರು. ಅವನದು 5 ಗ್ರಾಂ, 1,600 ರೂಪಾಯಿ. ಅವಳದು 3 ಗ್ರಾಂ, 1,200. ಎರಡರಲ್ಲೂ ಸೇರಿ ಇರುವ ಬೆಳ್ಳಿ 740 ರೂಪಾಯಿಯದು ಅಂತ ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಕೊಂಡರು. ಅಂಗಡಿಯಲ್ಲಿ ನಿಂತಿರುವಾಗ, ಬಸ್ಸಿನಲ್ಲಿ ಓಡಾಡುವಾಗ ಬೆರಳಲ್ಲಿ 30 ಸಾವಿರ ಇದೆ ಅನ್ನುವ ಭಯ ಬೇಡ ಅಂತ ಹುಡುಗನ ಮಾತು. ಇದು ಬೆಳ್ಳಿಗೆ ತಕ್ಕ ಜಾಗ ಅಂತ ನನಗೂ ಅನ್ನಿಸುತ್ತದೆ.

ಬೆಳ್ಳಿ ಕೊಳ್ಳುವಾಗ ಎಚ್ಚರ ಇನ್ನೂ ಜಾಸ್ತಿ ಬೇಕು. ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯ ಮಾಡಿಲ್ಲ. ಉಂಗುರದೊಳಗೆ ‘925’ ಅಂತ ಒತ್ತಲು ಯಾರಿಗೂ ಅಡ್ಡಿಯಿಲ್ಲ. ಬಿಐಎಸ್ ತ್ರಿಕೋನ ಜೊತೆಗಿದ್ದರೆ ಮಾತ್ರ ಆ ಅಂಕಿಗೆ ಬೆಲೆ. 2025ರ ಸೆಪ್ಟೆಂಬರ್‌ನಿಂದ ಬೆಳ್ಳಿಗೂ ಎಚ್‌ಯುಐಡಿ ಬಂದಿದೆ, ಆದರೆ ಅದೂ ಅಂಗಡಿಯವರ ಇಷ್ಟಕ್ಕೆ ಬಿಟ್ಟದ್ದು. ಇನ್ನು ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತು ಸೇರಿದ ಲೋಹ. ನಿಕ್ಕಲ್ ಆಗದವರಿಗೆ ಬೆರಳು ಕೆರೆತ ಬರುತ್ತದೆ. ಚಿನ್ನದ ನೀರು ಹಿಡಿಸಿದ ಬೆಳ್ಳಿ ಉಂಗುರವನ್ನೂ ಹುಡುಗಿ ಕೇಳಿದಳು. ಹಾರ, ಓಲೆಗೆ ಅದು ಪರವಾಗಿಲ್ಲ. ಉಂಗುರದಲ್ಲಿ ಉಜ್ಜಾಟ ಜಾಸ್ತಿ, ಲೇಪ ಮೊದಲು ಅಂಗೈ ಕಡೆ ಹೋಗುತ್ತದೆ, ಆಮೇಲೆ ಎರಡು ಬಣ್ಣ ಕಾಣುತ್ತದೆ. ಪೂರ್ತಿ ಬಿಳಿಯಾಗಿ ಹೊಳೆಯುವ ಬೆಳ್ಳಿ ಉಂಗುರಕ್ಕೆ ರೋಡಿಯಂ ಲೇಪ ಇರಬಹುದು. ಅದು ಇರುವಷ್ಟು ದಿನ ಕಪ್ಪಾಗುವುದಿಲ್ಲ, ಸವೆದ ಮೇಲೆ ಎಲ್ಲ ಬೆಳ್ಳಿಯ ಹಾಗೇ.

ನಿಶ್ಚಿತಾರ್ಥವಾಗಿ ಕೆಲವು ತಿಂಗಳಿಗೆ ನಿರೀಕ್ಷಿಸಿದ ಹಾಗೆಯೇ ಹುಡುಗನ ಬೆಳ್ಳಿ ಉಂಗುರ ಕಪ್ಪಾಯಿತು. ತೊಳೆಯುವ ವಿಧಾನ ತೋರಿಸಿಕೊಟ್ಟೆ. ಪಿಂಗಾಣಿ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಉಂಗುರ ಅದಕ್ಕೆ ತಗಲುವ ಹಾಗೆ ಇಟ್ಟು, ಒಂದು ಚಮಚ ಅಡುಗೆ ಸೋಡಾ ಹಾಕಿ ಕುದಿನೀರು ಸುರಿಯಬೇಕು. ಕೆಟ್ಟ ಮೊಟ್ಟೆಯ ವಾಸನೆ ಸಣ್ಣಗೆ ಬರುತ್ತದೆ, ಗಂಧಕ ಬಿಟ್ಟುಹೋಗುತ್ತಿದೆ ಅಂತ ಅರ್ಥ. ಇದರಲ್ಲಿ ಕಪ್ಪು ಪದರ ಮತ್ತೆ ಬೆಳ್ಳಿಯೇ ಆಗುತ್ತದೆ, ಹಾಗಾಗಿ ಲೋಹ ಸವೆಯುವುದಿಲ್ಲ. ಹಲ್ಲುಪುಡಿ, ವಿಭೂತಿ ಹಾಕಿ ಉಜ್ಜಿದರೆ ಹೊಳಪು ಬರುತ್ತದೆ, ಆದರೆ ಪ್ರತಿ ಸಲ ಒಂದು ಪದರ ಬೆಳ್ಳಿ ಹೋಗುತ್ತದೆ. ಮುತ್ತು, ಹವಳ ಇರುವ ಉಂಗುರವನ್ನು ಸೋಡಾ ನೀರಿಗೆ ಹಾಕಬಾರದು. ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಉಂಗುರವನ್ನೂ ಹಾಕಬಾರದು, ಅದರ ಚೆಂದವೇ ಹೋಗಿಬಿಡುತ್ತದೆ.

ಬೆಲೆ ಏರಿದಾಗ

ಅಕ್ಟೋಬರ್‌ನಲ್ಲಿ 24 ಕ್ಯಾರೆಟ್ ಚಿನ್ನ 10 ಗ್ರಾಂಗೆ 1.25 ಲಕ್ಷ ದಾಟಿತು. ಇವರ ಎರಡು 18 ಕ್ಯಾರೆಟ್ ಉಂಗುರದಲ್ಲಿರುವ ಚಿನ್ನವೇ 53 ಸಾವಿರದ್ದಾಯಿತು, ಕೂಲಿ, ತೆರಿಗೆ ಸೇರಿಸಿ ಕೊಟ್ಟದ್ದಕ್ಕಿಂತ ಜಾಸ್ತಿ. ದೊಡ್ಡಪ್ಪ ಫೋನ್ ಮಾಡಿ ಖುಷಿಪಟ್ಟರು. ಏರಿದ್ದು ಇಳಿಯಲೂಬಹುದು ಅಂತ ಅವರಿಗೆ ನೆನಪಿಸಿದೆ. 2013ರಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಚಿನ್ನ ಒಂದೇ ವರ್ಷದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬಿದ್ದಿತ್ತು.

ಡಿಸೆಂಬರ್‌ನಲ್ಲಿ ಬೆಳ್ಳಿ ಕೆಜಿಗೆ 2 ಲಕ್ಷ ದಾಟಿದಾಗ ಹುಡುಗಿ ಫೋನ್ ಮಾಡಿದಳು. ‘ಮಾಮ, ಬೆಳ್ಳಿ ಡಬಲ್ ಆಯ್ತು. ಆ ಜಿರ್ಕಾನ್ ಉಂಗುರ ಈಗ ಮಾರ್ಲಾ?’ ಲೆಕ್ಕ ಹಾಕಿದರೆ ಅದರಲ್ಲಿರುವ ಬೆಳ್ಳಿ ಆಗ 758 ರೂಪಾಯಿಯದು. ಕೊಂಡದ್ದು 2,200ಕ್ಕೆ. ಬೆಲೆ ದುಪ್ಪಟ್ಟಾದರೂ ಮೂರನೇ ಒಂದು ಪಾಲು ಮಾತ್ರ. ಬೆಳ್ಳಿಯ ಏರಿಕೆಯಲ್ಲಿ ದುಡ್ಡು ಮಾಡಬೇಕು ಅನ್ನುವವರು 999 ಬೆಳ್ಳಿ ನಾಣ್ಯವೋ ಗಟ್ಟಿಯೋ ಕೊಳ್ಳಬೇಕು, ಉಂಗುರವಲ್ಲ ಅಂದೆ. ಅವಳು ಅದನ್ನು ಮಾರಲಿಲ್ಲ, ಕಲ್ಲಿನ ಹಿಡಿ ಬಿಗಿ ಮಾಡಿಸಿ ಹಾಕಿಕೊಳ್ಳುತ್ತಿದ್ದಾಳೆ. ಆಚಾರ್ರು ಅದಕ್ಕೆ ತೆಗೆದುಕೊಂಡದ್ದು 100 ರೂಪಾಯಿ.